ಹೊಸ ಟ್ರಿಗರ್, ಹಳೆ ಟ್ರಿಗರ್

“ಈ ಗರಗರ ಯಾವತ್ತಿಗೆ ಹೋಗುತ್ತೋ?”

ಕೃಪಾ ಯಾರನ್ನೂ ಉದ್ದೇಶಿಸಿ ಕೇಳಿರಲಿಲ್ಲ. ಪಿಸ್ತೂಲ್ ಕ್ಲಬ್ಬಿನ ಒಳಕೋಣೆಯಲ್ಲಿ ನಿಂತು, ಗುಂಡಿಲ್ಲದ ತನ್ನ ಹೊಸ ಪಿಸ್ತೂಲನ್ನು ದಪ್ಪ ಗೋಡೆಯತ್ತ ಹಿಡಿದು, ಮೇಲಿನ ಸ್ಲೈಡ್ ಎಳೆಯುವುದು, ಟ್ರಿಗರ್ ಒತ್ತುವುದು, ಮತ್ತೆ ಎಳೆಯುವುದು, ಮತ್ತೆ ಒತ್ತುವುದು, ಇಷ್ಟನ್ನೇ ಮಾಡುತ್ತಿದ್ದಳು. ಪ್ರತಿ ಸಲವೂ ಟ್ರಿಗರ್ ಅರ್ಧ ದಾರಿಯಲ್ಲಿ ಹಟ ಹಿಡಿದು, ಕೆರೆದು, ಮನಸ್ಸಿಲ್ಲದ ಮನಸ್ಸಿನಿಂದ ಬಿಡುತ್ತಿತ್ತು.

“ಹೊಸ ಒರಳೂ ಮೊದಮೊದಲು ಹಿಟ್ಟಿಗೆ ಕಲ್ಲು ಬಿಡುತ್ತೆ ಕಣಮ್ಮ,” ಎಂದರು ಬೆಂಚಿನ ಮೇಲೆ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದ ಬದರಿನಾಥ್. ಕೃಪಾಗೆ ಪಿಸ್ತೂಲು ಹಿಡಿಯಲು ಕಲಿಸಿದವರು ಅವರೇ. ಇನ್ನು ಸ್ವಲ್ಪ ಹೊತ್ತಿಗೆ ಶುರುವಾಗುವ ಕ್ಲಬ್ ಮ್ಯಾಚಿನಲ್ಲಿ ಹೊಸಬರ ಪಕ್ಕ ನಿಂತು ಆಡಬೇಕಾದವರೂ ಅವರೇ. “ನಂದು ಒತ್ತಿ ನೋಡು, ತಗೋ.”

ಸ್ಲೈಡನ್ನು ಹಿಂದಕ್ಕೆ ಸಿಕ್ಕಿಸಿ, ಒಳಗೆ ಗುಂಡಿಲ್ಲವೆಂದು ತೋರಿಸಿ ಕೊಟ್ಟರು. ಎರಡೂ ಒಂದೇ ಕಂಪನಿಯ ಒಂದೇ ಮಾದರಿ. ವಯಸ್ಸು ಮಾತ್ರ ಬೇರೆ. ಕೃಪಾ ಒತ್ತಿದಳು. ಮೊದಲು ಒಂದಿಷ್ಟು ಸಡಿಲು, ಆಮೇಲೆ ಒಂದು ತಡೆ. ತಡೆ ಇದೆ ಎಂದು ಬೆರಳಿಗೆ ತಿಳಿಯುವಷ್ಟರಲ್ಲಿ, ಟಕ್. ಪದ್ಯ ಓದುವವರು ಯತಿಯಲ್ಲಿ ಒಂದು ಗಳಿಗೆ ನಿಂತು ಮುಂದಿನ ಮಾತಿಗೆ ಇಳಿದ ಹಾಗಿತ್ತು.

“ಇದನ್ನ ಹೇಗೆ ಪಳಗಿಸಿದ್ರಿ ಅಂಕಲ್?”

“ಸಂಜೆ ದೀಪ ಹಚ್ಚಿದ ಮೇಲೆ ನಮ್ಮಪ್ಪ ಗಮಕದಲ್ಲಿ ಓದ್ತಿದ್ದ ಪದ್ಯ ಹೇಳ್ಕೊತಾ ಕೂರ್ತೀನಿ. ಎಲ್ಲಿ ಉಸಿರು ನಿಲ್ಲುತ್ತೋ ಅಲ್ಲಿ ಒಂದು ಸಲ ಒತ್ತೋದು. ವರ್ಷಗಟ್ಟಲೆ.”

“ದೇವರ ಮುಂದೆ ಪಿಸ್ತೂಲಾ?”

“ಪಕ್ಕದ ರೂಮಲ್ಲಿ. ದೇವರಿಗೆ ಗಾಬರಿಯಾಗಬಾರದಲ್ಲ.”

ಕೃಪಾ ನಕ್ಕಳು. ಈ ಪರದೇಶದ ಊರಿನ ಈಸ್ಟ್ ತಮಾಕಿ ಬಡಾವಣೆಯ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳನ್ನು ಪರೀಕ್ಷಿಸುವ ಎಂಜಿನಿಯರ್ ಅವಳು. ಎರಡು ವಸ್ತು ಸಿಕ್ಕರೆ ಹೋಲಿಸದೆ ಬಿಡುವವಳಲ್ಲ. “ಕಣ್ಣು ಮುಚ್ಚಿ ಅಂಕಲ್. ಯಾವುದು ಯಾರದು ಹೇಳಿ ನೋಡೋಣ.”

ಬದರಿನಾಥ್ ಹುಡುಗರ ಹಾಗೆ ಗಟ್ಟಿಯಾಗಿ ಕಣ್ಣು ಮುಚ್ಚಿ ಗೋಡೆಗೆ ಮುಖ ಮಾಡಿ ನಿಂತರು. ಅವಳು ಒಂದೊಂದಾಗಿ ಕೈಗಿಟ್ಟಳು. “ನಿಂದು,” ಎಂದರು. “ಇದು ನಂದು. ಮತ್ತೆ ನಂದೇ ಕೊಟ್ಟೆ, ಕಳ್ಳಿ.” ಒಂದೂ ತಪ್ಪಲಿಲ್ಲ. ಒತ್ತುವಾಗಲೆಲ್ಲ ಅವರ ತಲೆ ಕೊಂಚ ವಾಲುತ್ತಿದ್ದುದನ್ನು ಕೃಪಾ ಕಂಡಳು.

“ಚೀಟಿಂಗ್. ನೀವು ಕಿವೀಲಿ ಕೇಳಿ ಹೇಳ್ತಿದ್ದೀರ. ಬೆರಳಲ್ಲಿ ಹೇಳಬೇಕು,” ಎಂದವಳೇ, ಮೊಳೆಗೆ ನೇತುಹಾಕಿದ್ದ ಇಯರ್‌ಮಫ್ ತೆಗೆದು ಅವರ ಎರಡೂ ಕಿವಿ ಮುಚ್ಚಿದಳು.

ಮೊದಲು ತನ್ನದನ್ನೇ ಕೊಟ್ಟಳು. “ನಂದು,” ಎಂದರು ಬದರಿನಾಥ್, ಕಿವಿ ಮುಚ್ಚಿದವರ ದೊಡ್ಡ ದನಿಯಲ್ಲಿ. ಅವರದನ್ನು ಕೊಟ್ಟಳು. ಒತ್ತಿದರು, ಯೋಚಿಸಿದರು, “ಇದೂ ನಂದೇ,” ಎಂದರು. ಮತ್ತೆ ತನ್ನದು. ಕೆರೆಯುವ, ಹಟ ಮಾಡುವ ಆ ಟ್ರಿಗರ್ ಒತ್ತಿ, “ಎಷ್ಟು ಸಲ ಕೊಡ್ತೀಯೇ ನಂದನ್ನ?” ಎಂದು ನಕ್ಕರು.

ಕೃಪಾ ನಗಲಿಲ್ಲ. ಕೊನೆಯ ಸಲ ಅವರ ಪಿಸ್ತೂಲನ್ನೇ, ಖಾಲಿ ಇದೆಯೆಂದು ಇನ್ನೊಮ್ಮೆ ನೋಡಿ, ಸ್ಲೈಡ್ ಎಳೆದು ಕೈಗಿಟ್ಟಳು. ಇಯರ್‌ಮಫ್‌ನ ಒಂದು ಬದಿಯನ್ನು ಮೆಲ್ಲಗೆ ಎತ್ತಿ ಕೇಳಿದಳು: “ಕಣ್ಣು ತೆಗೀಬೇಡಿ ಅಂಕಲ್. ನಿಮ್ಮ ಬೆರಳು ಎಲ್ಲಿದೆ?”

“ಟ್ರಿಗರಿನ ಬಳೆಯ ಹೊರಗೆ. ಗುರಿ ನೋಡೋ ತನಕ ಬೆರಳು ಒಳಗೆ ಹೋಗಬಾರದು ಅಂತ ನಿನಗೆ ಹೇಳಿಕೊಟ್ಟವನು ನಾನಲ್ವಾ?”

ಬೆರಳು ಒಳಗಿತ್ತು. ಟ್ರಿಗರಿನ ಮೇಲೆ, ಮಲಗಿದ ಮಗುವಿನ ಬೆರಳಿನಂತೆ ನಿಶ್ಚಿಂತೆಯಿಂದ ಕೂತಿತ್ತು. ಕೃಪಾ ಬಾಯಿ ತೆರೆಯುವ ಮೊದಲೇ ಆ ಪಳಗಿದ ಟ್ರಿಗರ್ ಟಕ್ ಎಂದಿತು.

ಬದರಿನಾಥ್ ಕಣ್ಣು ತೆರೆದರು. “ಯಾರು ಒತ್ತಿದ್ದು?”

ತಾವೇ ಕೆಳಗೆ ನೋಡಿದರು. ತುಂಬ ಹೊತ್ತು ನೋಡಿದರು, ಬೇರೆ ಯಾರದೋ ಕೈ ನೋಡುವ ಹಾಗೆ. ಕೃಪಾ ಮೆಲ್ಲಗೆ ಪಿಸ್ತೂಲನ್ನು ತೆಗೆದುಕೊಂಡು ಅದರ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು.

“ಶುಗರ್,” ಎಂದರು ಆಮೇಲೆ. “ಕಾಲು ಜೋಮು ಹಿಡಿದದ್ದು ಗೊತ್ತಿತ್ತು. ಕೈಗೆ ಬಂದಿಲ್ಲ ಅಂದ್ಕೊಂಡಿದ್ದೆ. ಟಕ್ ಅಂತ ಕೇಳಿಸ್ತಿತ್ತಲ್ಲ, ಬೆರಳಿಗೇ ಗೊತ್ತಾಗ್ತಿದೆ ಅನ್ನಿಸ್ತಿತ್ತು.”

ಹೊರಗಿನಿಂದ ಗುಂಡು ಹಾರಿಸುವ ಅಂಕಣದ ಉಸ್ತುವಾರಿ ಹೊತ್ತ ರೇಂಜ್ ಆಫೀಸರ್ ಮನೋಜನ ದನಿ ಬಂತು: “ಬದರಿ ಅಂಕಲ್, ನಿಮ್ಮ ಸರದಿ. ಎರಡೂ ಕಡೆ ಹೊಸಬರಿದ್ದಾರೆ, ಸ್ವಲ್ಪ ನೋಡ್ಕೊಳ್ಳಿ.”

“ಬಂದೆ ಕಣಪ್ಪ,” ಎಂದು ಅಭ್ಯಾಸಬಲದಿಂದ ಕೂಗಿದ ಬದರಿನಾಥ್, ದನಿ ತಗ್ಗಿಸಿ ಕೃಪಾಳತ್ತ ತಿರುಗಿದರು. “ನೋಡಮ್ಮ, ಈ ಊರಲ್ಲಿ ನಾಲ್ಕು ಜನ ನನ್ನ ಕೇಳಿ ಕಲಿಯೋದು ಇದೊಂದೇ. ಇವತ್ತೊಂದು ಮ್ಯಾಚ್ ಆಡಿಬಿಡ್ತೀನಿ. ಮೈಯೆಲ್ಲ ಎಚ್ಚರವಾಗಿರ್ತೀನಿ. ನಾಳೆ ಮನೋಜ್‌ಗೆ ನಾನೇ ಫೋನ್ ಮಾಡಿ ಹೇಳ್ತೀನಿ, ದೇವರಾಣೆ.”

ಬಲಗೈ ಚಾಚಿದರು. ಹೆಬ್ಬೆರಳಿನಿಂದ ತೋರುಬೆರಳಿನ ತುದಿಯನ್ನು ಉಜ್ಜಿಕೊಳ್ಳುತ್ತಲೇ ಇದ್ದರು, ಅಲ್ಲಿ ಏನೋ ಅಂಟಿದೆಯೇನೋ, ತೆಗೆದರೆ ಹೋದೀತೇನೋ ಎಂಬಂತೆ.

“ಕೊಡು ಮಗೂ.”

ಕೃಪಾ ಪೆಟ್ಟಿಗೆಯ ಮೇಲೆ ಎರಡೂ ಕೈ ಊರಿದಳು.

“ಕೊಡಲ್ಲ, ಅಂಕಲ್.”