ಅತ್ತೆ ಬರೆದ ಆರನೆಯ ಬೆರಳು

ಸೂರ್ಯಕಾಂತಮ್ಮ ಹಲಗೆಯನ್ನು ಸೊಸೆಯ ಮುಂದೆ ಹಿಡಿದರು. ಇದ್ದಿಲಿನಲ್ಲಿ ಬರೆದ ಸರಸ್ವತಿ. ವೀಣೆ ಹಿಡಿದ ಕೈಗೆ ಆರು ಬೆರಳು!

"ಹೆಂಗೈತಮ್ಮ?"

ಉಮಾದೇವಿ ಬೆರಳುಗಳ ಮೇಲಿಂದ ಕಣ್ಣು ತೆಗೆದಳು. ಅವಳು ಮೈಸೂರಿನ ಅರಮನೆ ಚಿತ್ರಗಾರರ ಮರಿಮಗಳು, ನಾಲ್ಕು ವರ್ಷದ ಹಿಂದೆ, ಹೊಳೆಯ ಪುಷ್ಕರ ಸ್ನಾನದ ವರ್ಷ, ವಿಜಯವಾಡಕ್ಕೆ ಸೊಸೆಯಾಗಿ ಬಂದವಳು. ಅತ್ತೆಯ ತವರು ಬಳ್ಳಾರಿ. ಚಿತ್ರ ಕಲಿಯಬೇಕೆಂಬುದು ಅವರಿಗೆ ಲಂಗ ತೊಟ್ಟ ಕಾಲದ ಆಸೆ, ಕೂಡಿಬಂದದ್ದು ಅರವತ್ತಾರಕ್ಕೆ. ಊರಿನ ಭವಾನಿಪುರಂ ಬಡಾವಣೆಯ ಮನೆಯಲ್ಲಿ ಪಾಠ ಶುರುವಾಗಿ ಮೂರು ತಿಂಗಳಾಗಿತ್ತು. ಅಷ್ಟು ದಿನವೂ ಗುರುವಾದ ಸೊಸೆಯ ಬಾಯಲ್ಲಿ ಒಂದೇ ಮಾತು.

"ಚೆನ್ನಾಗಿದೆ ಅತ್ತಯ್ಯ."

"ಬೆರಳು ಎಣಿಸು."

"ಒಂದು... ಒಂಚೂರು ಜಾಸ್ತಿ ಇರಬಹುದು."

"ಬೇಕಂತಲೇ ಬರೆದೀನಿ ಕಣೇ! ನಿನಗಿಟ್ಟ ಪರೀಕ್ಷೆ ಅದು, ಫೇಲಾದಿ. ನಿಮ್ಮ ಮುತ್ತಾತ ಅರಮನೆ ಸೇರೋಕೆ ಮುಂಚೆ ಹೆಂಗೆ ಕಲಿತರು, ಹೇಳು ನೋಡೋಣ."

"ಎರಡು ವರ್ಷ ಬರೀ ಬಣ್ಣ ಅರೆದರಂತೆ, ಅಳಿಲಿನ ಕೂದಲಲ್ಲಿ ಕುಂಚ ಕಟ್ಟಿದರಂತೆ. ಆಮೇಲೆ ಗೆರೆ. ಸಂಜೆಯಾದರೆ ಗುರುಗಳು ಒದ್ದೆ ಬಟ್ಟೆ ತಗೊಂಡು ಹಲಗೆ ಒರೆಸಿಬಿಡೋರು. ಮುತ್ತಾತ ದಿನಾ ಅಳೋರಂತೆ."

"ಮತ್ತೆ ನನ್ನ ಹಲಗೆ ಯಾವಾಗ ಒರೆಸ್ತೀ? ನನಗೆ ಎಂಬತ್ತಾದ ಮೇಲಾ?"

ಉಮಾದೇವಿ ಮೂಲೆಯಲ್ಲಿದ್ದ ಬಟ್ಟೆಯ ಕಡೆ ನೋಡಿದಳು. ನಾಲ್ಕು ವರ್ಷ ಒಂದು ಮಾತೂ ಹೆಚ್ಚುಕಡಿಮೆಯಾಗದಂತೆ ಕಾಪಾಡಿಕೊಂಡು ಬಂದ ಮನೆ ಇದು. ಅತ್ತೆ ಬರೆದದ್ದನ್ನು ಒರೆಸುವುದೆಂದರೆ ತಮಾಷೆಯೇ? ಆದರೆ ಎದುರಿಗಿದ್ದ ಮುಖದಲ್ಲಿ ಸಿಟ್ಟಿರಲಿಲ್ಲ, ಕಲಿಯುವ ಹಸಿವಿತ್ತು. ಅದನ್ನು ಕಂಡು ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಬಟ್ಟೆ ಅದ್ದಿ ಹಿಂಡಿದಳು. ಕಣ್ಣು ಮುಚ್ಚಿ ಒರೆಸಿಯೇಬಿಟ್ಟಳು.

"ಬೆರಳು ಹಾಗಿರಲಿ ಅತ್ತಯ್ಯ. ಕತ್ತು ಒನಕೆ ಥರ ನಿಂತಿತ್ತು. ನಾಳೆ ಬರೀ ಕತ್ತು, ಐವತ್ತು ಸಲ."

ಸೂರ್ಯಕಾಂತಮ್ಮನ ಕಣ್ಣು ತುಂಬಿತು. "ಕತ್ತೊಂದನ್ನು ಮಾತ್ರ ಮನಸ್ಸಿಟ್ಟು ಬರೆದಿದ್ದೆ."

"ಅಯ್ಯೋ, ಅತ್ತಯ್ಯ..."

"ಸುಮ್ಮನಿರು, ಈಗ ಸಮಾಧಾನ ಮಾಡಿ ಕೆಡಿಸಬೇಡ." ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಖಾಲಿ ಹಲಗೆಯನ್ನು ನೋಡಿ ನಕ್ಕರು. ಆಮೇಲೆ ಸೊಸೆಯ ಹತ್ತಿರ ಸರಿದು ಕೂತರು.

"ನಿಜ ಹೇಳೋಕೆ ಶುರುಮಾಡಿದೀವಲ್ಲ, ನಂದೂ ಒಂದು ಕೇಳು. ಹುಳಿಗೆ ಬೆಲ್ಲ ಹಾಕ್ತೀಯಲ್ಲ, ನಾಲ್ಕು ವರ್ಷದಿಂದ ಬಾಗುಂದಿ, ಚೆನ್ನಾಗೈತೆ ಅಂತ ನುಂಗಿದೀನಿ. ದೇವರಾಣೆ, ಒಂದು ದಿನವೂ ಸೇರಿಲ್ಲ ಕಣೇ!"