ಬುಧವಾರದ ಯಜಮಾನ್ರು

ಮಂಡಕ್ಕಿಗೆ ಒಗ್ಗರಣೆ ಕಲಸುತ್ತಿದ್ದ ಅಖ್ತರ್ ಬಾನುವಿನ ಕೈ ನಿಂತಿತು. ಪರದೆಯಾಚೆ, ನಡುಮನೆಯಲ್ಲಿ, ಸರ್ವಮಂಗಳಮ್ಮ ದನಿ ತಗ್ಗಿಸಿ ಮಾತಾಡುತ್ತಿದ್ದಳು. ದನಿ ತಗ್ಗಿಸಿದ ಮಾತು ಅಖ್ತರ್ ಬಾನುವಿಗೆ ಮೊದಲಿನಿಂದಲೂ ಚೆನ್ನಾಗಿ ಕೇಳಿಸುತ್ತದೆ.

"ಯಜಮಾನ್ರ ಕೂಡ ಸಾಕಾಗೈತೆ, ಹುಲಿಗೆಮ್ಮ. ಎಲ್ಲಾ ಅವ್ರು ಹೇಳ್ದಂಗೇ ಆಗ್ಬೇಕು. ಯಾವ ಬಾಗ್ಲ ತೆಗೀಬೇಕು, ಎಲ್ಲಿಗೆ ಹೋಗ್ಬೇಕು, ಎಲ್ಲಾ. ನಾನು ಬಾಯಿ ತೆಗೆಯೋದ್ರಾಗ ಅವ್ರೇ ಉತ್ತರ ಕೊಟ್ಟಿರ್ತಾರೆ."

"ಮುಖಕ್ಕೇ ಹೇಳಬಾರ್ದೇನು?"

"ಮುಖಕ್ಕೆ ಹೇಳೋ ಧೈರ್ಯ ಇದ್ದಿದ್ರೆ, ವಾರ ವಾರ ಇಲ್ಲದ ಕತ್ತಿ ಹಿಡ್ಕೊಂಡು ಯಾಕ ಆಟ ಆಡ್ತಿದ್ದೆ? ಇನ್ನೊಂದು ವಾರ ನೋಡ್ತೀನಿ. ಆಮೇಲೆ ಬಿಟ್ಟು ಹೋಗ್ತೀನಿ."

ಒಗ್ಗರಣೆ ತಣ್ಣಗಾಯಿತು. ಯಜಮಾನ್ರು ಎಂದರೆ ತಾನು. ಈ ಬುಧವಾರ ತನ್ನದೇ ಸರದಿ.

ವಿದ್ಯಾನಗರದ ಅಖ್ತರ್ ಬಾನುವಿನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮಲೇಷ್ಯಾದ ಮೆಡಿಕಲ್ ವಿದ್ಯಾರ್ಥಿ, ಎಂಬತ್ತನಾಲ್ಕರಲ್ಲಿ ಊರಿಗೆ ಮರಳುವಾಗ ಒಂದು ಆಟದ ಪುಸ್ತಕವನ್ನೂ ಇಪ್ಪತ್ತು ಮುಖದ ದಾಳವನ್ನೂ ಬಿಟ್ಟುಹೋಗಿದ್ದ. ಒಬ್ಬರು ಕಥೆ ನಡೆಸಬೇಕು. ಉಳಿದವರು ಅದರೊಳಗಿನ ಜನರಾಗಿ, ತಾವೇನು ಮಾಡುತ್ತೇವೆಂದು ಹೇಳಬೇಕು. ಆಗುತ್ತದೋ ಇಲ್ಲವೋ, ದಾಳ ತೀರ್ಮಾನಿಸುತ್ತದೆ. ಕಥೆ ನಡೆಸುವವರನ್ನು ಪುಸ್ತಕ ಮಾಸ್ಟರ್ ಎಂದು ಕರೆದಿತ್ತು. ಮೇಷ್ಟ್ರು ಎಂದರೆ ಬೆತ್ತ ನೆನಪಾಗುತ್ತದೆಂದು ಹುಲಿಗೆಮ್ಮ ತಕರಾರು ತೆಗೆದಳು. ನಿಘಂಟು ನೋಡಿ 'ಯಜಮಾನ್ರು' ಎಂದು ಇಟ್ಟುಕೊಂಡರು.

ಯಜಮಾನಿಕೆ ಇಬ್ಬರಿಗೆ ಹಂಚಿಕೆಯಾಗಿತ್ತು. ಒಂದು ವಾರ ಸರ್ವಮಂಗಳಮ್ಮ, ಒಂದು ವಾರ ಅಖ್ತರ್ ಬಾನು. ಸರ್ವಮಂಗಳಮ್ಮನ ವಾರ ಹೆಂಗಸರು ನಕ್ಕು ನಕ್ಕು ಸೋಲುತ್ತಿದ್ದರು. ಅಖ್ತರ್ ಬಾನುವಿನ ವಾರ ಸುಮ್ಮನೆ ಕೂರುತ್ತಿದ್ದರು. ಅದನ್ನು ಅವಳು ಗೌರವವೆಂದುಕೊಂಡಿದ್ದಳು. ಕಲ್ಪನೆಯ ವಿಷಯದಲ್ಲಿ ತಾನು ಬಡವಿ ಎಂಬುದು ಅವಳಿಗೂ ಗೊತ್ತಿತ್ತು. ಅವಳ ರಾಕ್ಷಸನಿಗೆ ಮೈದುನನ ಮೀಸೆ, ಅವಳ ಕೋಟೆ ಇದ್ದದ್ದು ಊರಂಚಿನ ಆನೆಕೊಂಡದಲ್ಲಿ. ಆದರೂ ಬೇರೆಲ್ಲೂ ಅವಳ ಮಾತು ನಡೆಯುತ್ತಿರಲಿಲ್ಲ. ಈ ಆಟ ಹೋದರೆ ಬುಧವಾರವೂ ಮಂಗಳವಾರದ ಹಾಗೇ ಇರುತ್ತದೆ.

ಮಂಡಕ್ಕಿಯ ತಟ್ಟೆ ಹಿಡಿದು ಹೊರಬರುವಷ್ಟರಲ್ಲಿ ಅವಳು ತನ್ನನ್ನು ತಾನೇ ತಿದ್ದಿಕೊಂಡುಬಿಟ್ಟಿದ್ದಳು.

"ಇವತ್ತು ನೀವೇ ಹೇಳ್ರಿ," ಎಂದಳು. "ಏನು ಮಾಡೋಣು?"

ಪಕ್ಕದ ಮನೆಯ ರಹೀಮುನ್ನೀಸಾ ಕೈ ಚಾಚಿ ಅವಳ ಹಣೆ ಮುಟ್ಟಿದಳು. "ಯಾಕ್ ಆಪಾ, ಜ್ವರ ಏನು?"

ಸರ್ವಮಂಗಳಮ್ಮ ಮಾತ್ರ ತಡಮಾಡಲಿಲ್ಲ. "ನಾನು ಕೋಟೆ ಬಿಟ್ಟು ಹೋಗ್ತೀನ್ರಿ. ಒಬ್ಬಾಕಿನೇ. ಆಗ್ತೈತೇನು?"

ಬೇರೆ ವಾರವಾಗಿದ್ದರೆ ಅಖ್ತರ್ ಬಾನು ಬಾಗಿಲಿಗೆ ಮೂವರು ಕಾವಲುಗಾರರನ್ನೂ ಒಂದು ಹೆಬ್ಬಾವನ್ನೂ ಇಡುತ್ತಿದ್ದಳು. "ಹೋಗ್ರಿ," ಎಂದಳು ಧಾರಾಳವಾಗಿ. "ದಾಳ ಬ್ಯಾಡ. ಹಿತ್ತಲ ಬಾಗ್ಲಾಗೆ ಹೋಗ್ರಿ."

"ಕಾವಲುಗಾರ ಏಳಕ್ಕೆ ಸ್ನಾನಕ್ಕೆ ಹೋಗ್ತಾನೆ. ಅರ್ಧ ತಾಸು ಬರಂಗಿಲ್ಲ. ಆವಾಗ ಹೋಗ್ತೀನಿ."

ಎಂಥ ಕಲ್ಪನೆ! ಅಖ್ತರ್ ಬಾನುವಿಗೆ ಹೊಟ್ಟೆಯುರಿಯಿತು. ತನಗೆ ಹೊಳೆದದ್ದು ಬರೀ ಹೆಬ್ಬಾವು.

"ಹೋದ್ಮೇಲೆ ಇರೋದು ಎಲ್ಲಿ?" ಸರ್ವಮಂಗಳಮ್ಮನೇ ಕೇಳಿದಳು.

"ಹೊಳೆ ದಂಡೆ ಊರಾಗ ಹಜೀರಾಬೀ ಅಂತ ಒಬ್ಬಾಕಿ ಅದಾಳೆ. ಬಟ್ಟೆ ಹೊಲೀತಾಳೆ. ಹಿಂದೊಂದು ಕೋಣೆ ಖಾಲಿ ಐತೆ. ಯಾಕ ಬಂದಿ ಅಂತ ಕೇಳೋ ಪೈಕಿ ಅಲ್ಲ," ಎಂದಳು ಅಖ್ತರ್ ಬಾನು.

"ಅಯ್ಯ, ಹರಿಹರದ ನಿಮ್ಮ ಚಿಕ್ಕಮ್ಮ ಅಲ್ಲೇನ್ರಿ ಅದು!" ಹುಲಿಗೆಮ್ಮ ಮಂಡಕ್ಕಿ ಉಗುಳುವಂತೆ ನಕ್ಕಳು. "ರಾಕ್ಷಸ ಆತು, ಈಗ ಚಿಕ್ಕಮ್ಮನೂ ಬಂದ್ಲು!"

ಸರ್ವಮಂಗಳಮ್ಮ ನಗಲಿಲ್ಲ. "ಯಾವ ಓಣಿ?" ಎಂದು ಕೇಳಿ, ಅಖ್ತರ್ ಬಾನು ಹೇಳಿದ್ದನ್ನೆಲ್ಲ ಕಾಗದದ ಅಂಚಿನಲ್ಲಿ ಬರೆದುಕೊಂಡಳು. ಓಣಿ, ನೀಲಿ ಬಾಗಿಲು, ಇಳಿಯಬೇಕಾದ ಬಸ್ ಸ್ಟಾಪು. ಆಟವನ್ನು ಇಷ್ಟು ಮನಸ್ಸಿಟ್ಟು ಯಾರೂ ಆಡಿರಲಿಲ್ಲ. ಹೊರಡುವಾಗ ಅಖ್ತರ್ ಬಾನುವಿನ ಎರಡೂ ಕೈ ಹಿಡಿದು, "ಭಾಳ ಚಲೋ ನಡೆಸಿದ್ರಿ ಅಕ್ಕ," ಎಂದಳು. ಕಣ್ಣು ತೇವವಾಗಿತ್ತು. ಅಖ್ತರ್ ಬಾನು ಆ ರಾತ್ರಿ ಗೆದ್ದವಳಂತೆ ಮಲಗಿದಳು.

ಮುಂದಿನ ಬುಧವಾರ ಸರ್ವಮಂಗಳಮ್ಮನ ಸರದಿ. ನಾಲ್ಕಾಯಿತು, ನಾಲ್ಕೂವರೆಯಾಯಿತು. ಅವಳು ಬರಲಿಲ್ಲ.

ಹಾಗಾದರೆ ಬಿಟ್ಟೇಬಿಟ್ಟಳು. ಅಖ್ತರ್ ಬಾನು ಅಡುಗೆಮನೆಗೆ ಹೋಗಿ ಕ್ಷಮೆ ಕೇಳುವ ಮಾತನ್ನು ಎರಡು ಸಲ ಹೇಳಿ ನೋಡಿಕೊಂಡಳು. ಎರಡನೆಯ ಸಲ ತನ್ನ ಮಾತಿಗೆ ತನಗೇ ಅಳು ಬಂತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಸೆರಗು ಸರಿಮಾಡಿಕೊಂಡು ಓಡಿಹೋಗಿ ತೆರೆದಳು.

ಇಸ್ತ್ರಿ ಇಲ್ಲದ ಬಿಳಿ ಅಂಗಿಯ ಗಂಡಸೊಬ್ಬರು ನಿಂತಿದ್ದರು. ಅವಳು ಎಂದೂ ನೋಡಿರದ ಮುಖ.

"ಆನೆಕೊಂಡದಿಂದ ಬಂದೀನ್ರಿ. ಸರ್ವಮಂಗಳ ಇಲ್ಲಿಗೆ ಬಂದಾಳೇನು? ನಿನ್ನೆ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಹಿತ್ತಲ ಬಾಗ್ಲಾಗೆ ಹೋಗ್ಯಾಳೆ. ಒಬ್ಬಾಕಿಗೆ ಬಸ್ ಹತ್ತಾಕೂ ಬರಂಗಿಲ್ಲ. ಎಲ್ಲಿ ಹತ್ಬೇಕು, ಎಲ್ಲಿ ಇಳೀಬೇಕು, ಎಲ್ಲಾ ನಾನೇ ಹೇಳ್ಬೇಕು..."

"ನೀವು ಯಾರು?" ಎಂದು ಅವಳು ಕೇಳಲು ಹೊರಟಳು. ಬಾಯಿ ತೆರೆಯುವಷ್ಟರಲ್ಲಿ ಅವರೇ ಉತ್ತರ ಕೊಟ್ಟರು.

"ನಾನು ಆಕಿ ಯಜಮಾನ."

ಕಳೆದ ಬುಧವಾರ ಪರದೆಯಾಚೆ ಕೇಳಿದ ಆ ಇಡೀ ದೂರಿನಲ್ಲಿ ತಾನು ಎಲ್ಲಿಯೂ ಇರಲಿಲ್ಲ ಎಂದು ತಿಳಿದಾಗ, ಅಖ್ತರ್ ಬಾನುವಿಗೆ ಮೊದಲು ಆದದ್ದು ಸಣ್ಣದೊಂದು ಅವಮಾನ.

"ಗೊತ್ತಿಲ್ರಿ," ಎಂದಳು.

ಅವರು ಗೇಟು ದಾಟುವವರೆಗೆ ಬಾಗಿಲಲ್ಲೇ ನಿಂತಿದ್ದು, ನಾಳೆ ಹತ್ತರ ಬಸ್ಸಿಗೆ ಹರಿಹರಕ್ಕೆ ಹೋಗುವುದೆಂದೂ, ಅಲ್ಲಿ ಯಾರಿಗೂ ಯಾವ ಸಲಹೆಯನ್ನೂ ಕೊಡದೆ ಬರುವುದೆಂದೂ ತೀರ್ಮಾನಿಸಿ, ಒಳಗೆ ಬಂದು ಕುಳಿತಳು.