ಗಾಳಿ ತಗಲದ ಹಾಗೆ

ಆಷಾಢದ ಗಾಳಿ ಹೊಳಲ್ಕೆರೆಯ ಬೀದಿಗಳಲ್ಲಿ ಕೆಂಧೂಳನ್ನು ಎತ್ತಿ ಎತ್ತಿ ಒಗೆಯುತ್ತಿತ್ತು. ಊರಾಚೆ ಮೆಕ್ಕೆಜೋಳದ ಹೊಲಗಳಲ್ಲಿ ಕಳೆ ತೆಗೆಯಲು ಎಡೆ ಹೊಡೆಯುವ ಕೆಲಸ ನಡೆದಿತ್ತು. ರೇಣುಕಾ ಕಂಪ್ಯೂಟರಿನ ಡಬ್ಬಿಯನ್ನು ಹಳೆ ಸೀರೆಯಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಚಿತ್ರದುರ್ಗದ ಬಸ್ಸಿನಲ್ಲಿ ಕೂತಿದ್ದಳು. ಬೆಳಿಗ್ಗೆ ಎಷ್ಟು ಸಲ ಗುಂಡಿ ಒತ್ತಿದರೂ ಅದು ಮಿಸುಕಿರಲಿಲ್ಲ. ಈ ವರ್ಷದಲ್ಲಿ ಇದು ಮೂರನೆಯ ಸಲ.

"ಲಗೇಜು ಟಿಕೆಟ್ ತಗಬೇಕಲ್ಲಮ್ಮ," ಎಂದ ಕಂಡಕ್ಟರ್.

"ತೊಡೆ ಮೇಲೈತಲ್ರಿ."

"ಅಳೋ ಕೂಸಾಗಿದ್ರೆ ಬಿಡ್ತಿದ್ದೆ. ಇದು ಅಳಲ್ವಲ್ಲ."

"ಇದು ಅಳಲ್ಲ ಕಣಣ್ಣ, ನಮ್ಮುನ್ನ ಅಳಿಸ್ತೈತೆ."

ಕಂಡಕ್ಟರ್ ನಗುತ್ತ ಮುಂದಕ್ಕೆ ಹೋದ. ರೇಣುಕಾಳಿಗೆ ನಗು ಬರಲಿಲ್ಲ. ಕೈಕಾಲು ಸ್ವಾಧೀನದಲ್ಲಿಲ್ಲದ ಮಕ್ಕಳ ಮನೆಗೇ ಹೋಗಿ ವ್ಯಾಯಾಮ ಮಾಡಿಸುವ ಸಣ್ಣ ಸಂಸ್ಥೆ ಅವಳದು. ಮಕ್ಕಳ ವಿಡಿಯೊ ಕಳಿಸದಿದ್ದರೆ ದಾನಿಗಳ ಹಣ ಬರುವುದಿಲ್ಲ. ಹಗಲು ನೆಟ್‌ವರ್ಕ್ ಸಿಗುವುದಿಲ್ಲವೆಂದು, ಸಂಜೆ ಮನೆಗೆ ಹೋಗುವಾಗ ಕಂಪ್ಯೂಟರನ್ನು ಚಾಲೂ ಬಿಟ್ಟೇ ಹೋಗುತ್ತಿದ್ದಳು. ರಾತ್ರಿ ಅದು ತನ್ನ ಪಾಡಿಗೆ ತಾನು ವಿಡಿಯೊ ಕಳಿಸುತ್ತಿತ್ತು. ಕೆಟ್ಟರೆ ಮಾತ್ರ ರಿಪೇರಿಯ ದುಡ್ಡು, ಹಳ್ಳಿಗಳಿಗೆ ಹೋಗುವ ಜೀಪಿನ ಡೀಸೆಲ್ ದುಡ್ಡಿನಿಂದಲೇ ಕಡಿತವಾಗಬೇಕು. ಕಳೆದ ಸಲ ಹಾಗೆ ಜೀಪು ನಿಂತಾಗ, ಭೀಮಸಮುದ್ರದ ಕಡೆಯ ಹಳ್ಳಿಯಲ್ಲಿ ಗೋಡೆ ಹಿಡಿದು ನಿಲ್ಲಲು ಕಲಿತಿದ್ದ ಪುಟ್ಟ ರಮ್ಯಾಳ ಮೊಣಕಾಲು ಮತ್ತೆ ಬಿಗಿದುಕೊಂಡಿತ್ತು. ತಿಕ್ಕಿ ನೀವಿ, ಅಳಿಸಿ ನಗಿಸಿ, ಈಗ ತಾನೇ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದರು. ನಾಳೆ ಜೀಪು ಹೊರಡದಿದ್ದರೆ ಆ ಹುಡುಗಿಯ ತಾಯಿಗೆ ಯಾವ ಮುಖ ತೋರಿಸುವುದು?

ಚಿತ್ರದುರ್ಗದಲ್ಲಿ ಯಾವಾಗಲೂ ಹೋಗುತ್ತಿದ್ದ ರಿಪೇರಿ ಅಂಗಡಿ ಬಾಗಿಲು ಹಾಕಿತ್ತು. ಮೊದಲ ಸಲ ಕರೆಂಟು ಏರಿಳಿದು ಕೆಟ್ಟಿದ್ದು ಎಂದಿದ್ದರು. ಎರಡನೆಯ ಸಲ ಏನೋ ಒಂದು ಭಾಗ ಬದಲಿಸಿ ಕೊಟ್ಟಿದ್ದರು; ಯಾಕೆ ಕೆಟ್ಟಿತೆಂದು ಅವರು ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಇವತ್ತು ಬೇರೆ ದಾರಿಯಿಲ್ಲದೆ ಪಕ್ಕದ ಸಣ್ಣ ಮಳಿಗೆಯ ಹನುಮೇಶನ ಮುಂದೆ ಡಬ್ಬಿ ಇಳಿಸಿದಳು. ಅವನು ಸ್ಕ್ರೂ ಬಿಚ್ಚಿ ಒಳಗೆ ಇಣುಕಿ ನೋಡಿ, ತಲೆಯೆತ್ತಿದ.

"ಏನಕ್ಕ, ಇದರೊಳಗೆ ಕುರಿ ಕಟ್ಟಿದೀರೇನು?"

ಚಿಮಟದಲ್ಲಿ ಹಿಡಿದು ಎಳೆದ. ಫ್ಯಾನಿಗೆ ಸುತ್ತಿಕೊಂಡಿದ್ದ ಕರಿ ಉಣ್ಣೆ, ಧೂಳಿನ ಜೊತೆ ಮುದ್ದೆಗಟ್ಟಿ ಹೊರಬಂತು. ಇನ್ನೊಂದು ಬಂತು. ಬ್ರಷ್ ಆಡಿಸಿ, ಗಾಳಿ ಹೊಡೆದು, ವೈರು ಸಿಕ್ಕಿಸಿ ಗುಂಡಿ ಒತ್ತಿದ. ಡಬ್ಬಿ ಗುಂಯ್ ಎಂದಿತು.

"ಏನೂ ಸುಟ್ಟಿಲ್ಲ, ಪುಣ್ಯ. ಫ್ಯಾನು ತಿರುಗದೆ, ಗಾಳಿಯಾಡದೆ ಕಾದು ಕಾದು ತಾನೇ ಆರಿ ಕುಂತೈತೆ, ಅಷ್ಟೇ."

"ಮಕ್ಕಳ ವಿಡಿಯೊ?"

"ಎಲ್ಲ ಅವೆ, ನೋಡ್ರಿ."

ಪರದೆಯ ಮೇಲೆ ರಮ್ಯಾ ಎರಡೂ ಕೈಯಲ್ಲಿ ಗೋಡೆ ಹಿಡಿದು, ಹಲ್ಲು ಕಚ್ಚಿಕೊಂಡು ನಿಂತಿದ್ದಳು. ರೇಣುಕಾ ಪರ್ಸು ತೆಗೆದಳು. ಎಷ್ಟಾಯಿತೆಂದು ಕೇಳಿದರೆ ಹನುಮೇಶ ತಲೆಯಾಡಿಸಿದ.

"ಬ್ರಷ್ ಆಡಿಸಿದ್ದಕ್ಕೆ ಏನ್ ತಗಳ್ಳಿ? ಬಾಕಿ ಇರ್ಲಿ. ದೊಡ್ಡದೇನಾದ್ರೂ ಕೆಟ್ಟಾಗ ಸೇರಿಸಿ ಕೊಡೀರಂತೆ."

"ಹಂಗಾದ್ರೆ ನಿನ್ನ ಬಾಕಿ ತೀರಿಸೋ ದಿನ ಬರದೇ ಇರ್ಲಪ್ಪ."

"ಮೊದ್ಲು ಈ ಉಣ್ಣೆ ಎಲ್ಲಿಂದ ಬರ್ತೈತೆ ಹುಡುಕ್ರಿ."

ಹುಡುಕಬೇಕಾಗಿರಲಿಲ್ಲ. ಅದು ಕರಿ ಕಂಬಳಿಯ ಉಣ್ಣೆ; ಆ ಕಂಬಳಿಯ ಮೇಲೆ ಕೂತು ಎಷ್ಟೋ ಸಲ ಟೀ ಕುಡಿದಿದ್ದಳು. ಅದು ಕಮಲಮ್ಮನವರದು. ಒಂದು ಪೈಸೆ ಬಾಡಿಗೆ ಕೇಳದೆ ತಮ್ಮ ಮನೆಯ ಮುಂದಿನ ಕೋಣೆಯನ್ನು ಸಂಸ್ಥೆಗೆ ಬಿಟ್ಟುಕೊಟ್ಟ ಮುದುಕಿ. ಮೂಗಿನ ತುದಿಯಲ್ಲೇ ಸಿಟ್ಟು. ನಿಮ್ಮಿಂದಲೇ ಕೆಟ್ಟಿತು ಎಂದರೆ, ಗಂಟುಮೂಟೆ ಕಟ್ಟಿ ಎಂದುಬಿಟ್ಟರೆ? ವಾಪಸು ಬರುವ ದಾರಿಯುದ್ದಕ್ಕೂ ರೇಣುಕಾ ಮಾತು ಜೋಡಿಸಿದಳು, ಮುರಿದಳು, ಮತ್ತೆ ಜೋಡಿಸಿದಳು.

ಕಮಲಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು.

"ಏನಂತಮ್ಮ ನಿನ್ನ ಡಬ್ಬಿ? ಉಳೀತಾ?"

"ಉಳೀತು. ಅಮ್ಮ, ರಾತ್ರಿ ಅದಕ್ಕೆ ಕಂಬಳಿ ಏನಾದ್ರೂ ಹೊದಿಸ್ತೀರಾ?"

"ಹೊದಿಸ್ದೆ ಮತ್ತೆ? ಮೊದಲ್ನೇ ಸಲ ದುರ್ಗಕ್ಕೆ ಹೋಗಿ ಬಂತಲ್ಲ, ಆವಾಗಿಂದ. ಕುಯ್ಸ್ಕಂಡು ಬಂದಿರೋ ಹಸಿ ಮೈ, ಥಂಡಿ ಗಾಳಿ ತಗಲಬಾರ್ದು ಅಂತ ಬಾಣಂತಿಗೆ ಹೊದಿಸ್ದಂಗೆ ಸುತ್ತ ಒತ್ತಿ ಹೊದಿಸ್ತೀನಿ. ಬೆಳಿಗ್ಗೆ ಕಸ ಹೊಡೆಯೋವಾಗ ತೆಗೀತೀನಿ. ನೀನಾದ್ರೆ ಅದನ್ನ ಒಂಟಿಯಾಗಿ ಬಿಟ್ಟು ಹೋಗ್ತೀಯ, ಪಾಪ, ರಾತ್ರಿಯೆಲ್ಲ ಮುಲುಗ್ತಿರ್ತೈತೆ."

ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ. "ಅದಕ್ಕೆ ಗಾಳಿ ಬೇಕಂತೆ ಅಮ್ಮ," ಎಂದಳು ರೇಣುಕಾ. "ಗಾಳಿ ಇಲ್ದೆ ಒಳಗೇ ಬೇಯ್ತಿತ್ತಂತೆ. ನಂದೂ ತಪ್ಪೈತೆ. ಚಾಲೂ ಬಿಟ್ಟು ಹೋಗ್ತಿದ್ದೆ, ನಿಮಗೆ ಹೇಳೇ ಇಲ್ಲ."

ಮೊರ ನಿಂತಿತು. ಕಮಲಮ್ಮ ಸೀರೆಯ ಗಂಟಿನಿಂದ ಹೊರಗೆ ಕಾಣುತ್ತಿದ್ದ ಡಬ್ಬಿಯನ್ನೇ ನೋಡಿದರು. ರೇಣುಕಾ ಅದನ್ನು ಕೆಳಗಿಳಿಸುವುದನ್ನೂ ಮರೆತು ನಿಂತಿದ್ದಳು.

"ನಾಳೆ ಜೀಪು ಹೋಗ್ತೈತೋ ಇಲ್ವೋ?"

"ಹೋಗ್ತೈತಮ್ಮ. ಡೀಸೆಲ್ ದುಡ್ಡು ಹಂಗೇ ಐತೆ."

"ಸದ್ಯ." ಕಮಲಮ್ಮ ಪಕ್ಕದ ಜಾಗದ ಹೊಟ್ಟನ್ನು ಅಂಗೈಯಲ್ಲಿ ಸರಿಸಿದರು. "ಕುಂತ್ಕ ಬಾ. ನನ್ನ ಹಿರೇ ಮಗನ ಬಾಣಂತನ ಇದೇ ಕೋಣೇಲಿ ಆಗಿದ್ದು. ಕಿಟಕಿಗೆ ಗೋಣಿ ಬಡಿದು, ಕಿವಿಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ಕೆಂಡ ಇಟ್ಟಿದ್ರು. ಉಸಿರು ಕಟ್ತೈತೆ ಅಂದ್ರೆ ಸಾಕು, ನಮ್ಮತ್ತೆ ಓಡಿಹೋಗಿ ಇನ್ನೊಂದು ಕಂಬಳಿ ತರೋಳು."